ಅಳತೆಯಮ್ಮನ ನೊಣಗಳು

ನನ್ನ ಗಂಡನ ಅಕ್ಕನನ್ನು ನೀರಿನ ಇಲಾಖೆಯಲ್ಲಿ ಎಲ್ಲರೂ ಅಳತೆಯಮ್ಮ ಎಂದು ಕರೆಯುತ್ತಿದ್ದರು. ಊರಾಚೆಯ ಕಾಡಿನ ಹೊಳೆಯಲ್ಲಿ ಇಲಾಖೆಯವರು ಒಂದು ಅಳತೆಪಟ್ಟಿ ನೆಟ್ಟಿದ್ದರು. ಬಿಳಿ ತಗಡು, ಅದರ ಮೇಲೆ ಕಪ್ಪು ಗೆರೆಗಳು, ಕಪ್ಪು ಅಂಕಿಗಳು. ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ನೀರು ಯಾವ ಗೆರೆ ಮುಟ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಮೂವತ್ತೊಂದು ವರ್ಷ ಅವರು ಮಾಡಿದ ಕೆಲಸ ಇಷ್ಟೇ. ಮದುವೆಯಾಗಿ ಬಂದ ಹೊಸದರಲ್ಲಿ, ಇದೂ ಒಂದು ಕೆಲಸವಾ ಎಂದು ನಾನು ಗಂಡನನ್ನು ಕೇಳಿದ್ದೆ. "ಅಕ್ಕನ ಮುಂದೆ ಮಾತ್ರ ಕೇಳಬೇಡ ಮಾರಾಯ್ತಿ" ಎಂದು ಅವರು ಬಿಚ್ಚಿಟ್ಟ ಹೊಲಿಗೆ ಯಂತ್ರದೊಳಗೆ ತಲೆ ತೂರಿಸಿದರು. ಅವರದು ಹೊಲಿಗೆ ಯಂತ್ರ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ.

ನನ್ನ ಕೆಲಸವನ್ನೂ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲ ಎಡವಟ್ಟೂ ಹುಟ್ಟಿದ್ದು ಅಲ್ಲಿಂದಲೇ. ಒಂದು ಮುದ್ರಣಾಲಯದಲ್ಲಿ ನಾನು ಪ್ರಮಾಣಪತ್ರಗಳಿಗೆ ಹೆಸರು ಬರೆಯುತ್ತೇನೆ. ಅಚ್ಚಾದ ಕಾಗದದ ನಡುವೆ ಒಂದು ಖಾಲಿ ಗೆರೆ ಇರುತ್ತದಲ್ಲ, ಆ ಗೆರೆ ನನ್ನದು. ಓಟದಲ್ಲಿ ಗೆದ್ದವರು, ನರ್ಸಿಂಗ್ ಪಾಸಾದವರು, ರಕ್ತ ಕೊಟ್ಟವರು, ಎಲ್ಲರ ಹೆಸರೂ ನನ್ನ ಕೈಯಿಂದ ಇಳಿದಿವೆ. ಮುತ್ತು ಪೋಣಿಸಿದ ಹಾಗೆ ಬರೆಯುತ್ತೇನೆ ಎಂದು ಜನ ಹೇಳುತ್ತಾರೆ, ನಾನೂ ಇಲ್ಲವೆನ್ನುವುದಿಲ್ಲ. ಅಕ್ಷರ ದುಂಡಗಿದೆ, ಬಾಯಿ ಮಾತ್ರ ಚೂಪು ಎಂದು ನನ್ನ ಗಂಡ ಸೇರಿಸುತ್ತಾರೆ. ಅದಕ್ಕೂ ಇಲ್ಲವೆನ್ನುವುದಿಲ್ಲ.

ಅತ್ತಿಗೆಗೆ ಮಾತು ಕಡಿಮೆ. ಬೆಳಿಗ್ಗೆ ಆರಕ್ಕೇ ಡಬ್ಬಿ ಕಟ್ಟಿಕೊಂಡು, ಮಣ್ಣು ಬಣ್ಣದ ಟೋಪಿ ಹಾಕಿಕೊಂಡು ಹೊರಟರೆ ಬರುವುದು ಸಂಜೆ ಆರೂವರೆಗೆ. ಎಂಟರ ಓದಿಗೂ ಐದರ ಓದಿಗೂ ನಡುವೆ ಹೊಳೆಯ ಪಕ್ಕದ ತಗಡಿನ ಕೋಣೆಯಲ್ಲಿ ಕೂತಿರಬೇಕು. ಒಂದು ಕುರ್ಚಿ, ಒಂದು ಮೇಜು, ಗೋಡೆಯಲ್ಲಿ ಒಂದು ಗಡಿಯಾರ. ನನ್ನನ್ನು ಅಲ್ಲಿ ಕೂರಿಸಿದ್ದರೆ ವಾರದೊಳಗೆ ತಲೆ ಕೆಟ್ಟು ಗೋಡೆಯ ಜೊತೆ ಜಗಳ ತೆಗೆಯುತ್ತಿದ್ದೆ. ಅವರು ಇಪ್ಪತ್ತು ವರ್ಷ ಸುಮ್ಮನೆ ಕೂತಿದ್ದರು. ಆಮೇಲೆ ನೊಣ ಬಂತು.

ಅವರು ಹೇಳಿದ್ದು ಹೀಗೆ. ಒಂದು ಬೆಳಿಗ್ಗೆ ಅಂಕಿ ಓದಲು ಬಗ್ಗಿದರೆ ಮೂವತ್ತೆಂಟರ ಎಂಟಿನ ಮೇಲೆ ಎಳ್ಳುಕಾಳಿನಷ್ಟು ಒಂದು ನೊಣ ಕೂತಿದೆ. ಅಲೆ ಬಂದು ಬಡಿದರೂ ಹಾರಲಿಲ್ಲ. ಒದ್ದೆ ತಗಡಿನ ಮೇಲೆ ಉದ್ದ ಕಾಲುಗಳಲ್ಲಿ ಸರಸರ ಓಡಿ, ನೂಲಿನಷ್ಟು ಸಣ್ಣ ಹುಳುವೊಂದನ್ನು ಮುಂಗಾಲುಗಳಲ್ಲಿ ಅದುಮಿ ಹಿಡಿದು, ಕೊಕ್ಕಿನಂಥ ಮೂತಿಯನ್ನು ಚುಚ್ಚಿತು. ಅತ್ತಿಗೆ ಬಗ್ಗಿದವರು ಬಗ್ಗಿಯೇ ಇದ್ದರು. "ಹುಲಿ ಇದೆ ಕಾಡಲ್ಲಿ ಅಂತಾರಲ್ಲ, ನಾನು ಒಂದು ದಿನಾನೂ ನೋಡಿಲ್ಲ. ಇದು ನನ್ನ ಅಳತೆಪಟ್ಟಿ ಮೇಲೇ ಬೇಟೆ ಆಡ್ತಿತ್ತು ಕಣೇ" ಎಂದರು. ಆ ವಾರವೇ ಅಂಗಡಿಯ ಭೂತಗನ್ನಡಿ ಮಾಯವಾಯಿತು. ಸೂಜಿಯ ಕಣ್ಣು ನೋಡಲು ಇಟ್ಟುಕೊಂಡಿದ್ದ ಅದನ್ನು ನನ್ನ ಗಂಡ ಮೂರು ದಿನ ಹುಡುಕಿ, ಕೊನೆಗೆ ಅಕ್ಕನ ಡಬ್ಬಿಯ ಚೀಲದಲ್ಲಿ ಕಂಡು, ಏನೂ ಹೇಳದೆ ಬೇರೊಂದು ತಂದರು.

ಹೊಳೆಯ ನೊಣಗಳೆಂದರೆ ಒಂದೇ ಜಾತಿಯಲ್ಲ. ಒದ್ದೆ ಬಂಡೆಯ ಮೇಲೆ ಓಡಾಡಿ ಬೇಟೆಯಾಡುವವು ಬೇರೆ. ಹಸಿರು ಲೋಹದ ಬಣ್ಣದವು ಎಲೆಗಳ ಮೇಲೆ ಕಾವಲು ಕೂತಿರುತ್ತವೆ, ಅವು ಬೇರೆ. ನೀರಿನ ಮೇಲೆ ಗುಂಪುಗುಂಪಾಗಿ ಕುಣಿಯುವವು ಮತ್ತೂ ಬೇರೆ. ಈ ಕುಣಿಯುವವುಗಳ ಗಂಡಿಗೆ ಮುಂಗಾಲಿನ ಒಂದು ಗಂಟು ಊದಿಕೊಂಡಿರುತ್ತದೆ. ಅಲ್ಲಿಂದ ರೇಷ್ಮೆ ಬರುತ್ತದೆ. ನೀರಿನ ಮೇಲಿಂದ ಯಾವುದಾದರೂ ಚಿಕ್ಕ ಹುಳು ಎತ್ತಿಕೊಂಡು, ರೇಷ್ಮೆಯಲ್ಲಿ ಸುತ್ತಿ, ಬಿಳಿ ಪೊಟ್ಟಣ ಮಾಡಿ ಹೆಣ್ಣಿಗೆ ಒಯ್ದು ಕೊಡುತ್ತದೆ. ಕೊಡದಿದ್ದರೆ ಹೆಣ್ಣು ತಿರುಗಿಯೂ ನೋಡುವುದಿಲ್ಲ. ಕೆಲವು ಗಂಡುಗಳು ಒಳಗೆ ಏನೂ ಇಡದೆ ಬರೀ ಪೊಟ್ಟಣ ಕೊಟ್ಟು ಕೆಲಸ ಸಾಧಿಸಿಕೊಳ್ಳುತ್ತವಂತೆ. ಇದನ್ನು ಕೇಳಿದ ದಿನ ನಾನು ಗಂಡನ ಮುಖವನ್ನೇ ನೋಡಿದೆ. "ನಾನು ಪೊಟ್ಟಣಾನೂ ಕೊಟ್ಟಿಲ್ಲ, ನನಗೆ ಮೋಸ ಗೊತ್ತಿಲ್ಲ" ಎಂದರು ಅವರು.

ನೊಣದ ಹೆಸರು ಹುಡುಕುವುದು ಹಕ್ಕಿಯ ಹೆಸರು ಹುಡುಕಿದಷ್ಟು ಸುಲಭವಲ್ಲ. ರೆಕ್ಕೆಯ ನರಗಳು ಎಲ್ಲಿ ಕೂಡುತ್ತವೆ, ಬೆನ್ನ ಮೇಲೆ ಎಷ್ಟು ಸಾಲು ಕೂದಲು, ಗಂಡಿನ ಹೊಟ್ಟೆಯ ತುದಿ ಹೇಗೆ ಮಡಚಿದೆ, ಇಷ್ಟೂ ನೋಡಬೇಕು. ಅತ್ತಿಗೆ ಯಾರನ್ನೋ ಕೇಳಿ, ದೂರದ ಊರಿನ ಸಂಗ್ರಹಾಲಯದಲ್ಲಿ ನೊಣಗಳನ್ನೇ ಓದುತ್ತಿದ್ದ ಒಬ್ಬರ ವಿಳಾಸ ಹಿಡಿದರು. ನಾವು ಯಾರೂ ನೋಡದ ಆ ಮನುಷ್ಯನಿಗೆ ನಮ್ಮ ಮನೆಯಲ್ಲಿ ನೊಣದ ಮೇಷ್ಟ್ರು ಎಂದೇ ಹೆಸರು. ಅವರ ಪತ್ರ ಬಂದ ದಿನ ಊಟದ ಹೊತ್ತಿಗೆ ನನ್ನ ಗಂಡ ಗಟ್ಟಿಯಾಗಿ ಓದುತ್ತಿದ್ದರು. "ಗಂಡಿನ ಹಿಂಭಾಗವನ್ನು ದಯವಿಟ್ಟು ಇನ್ನೂ ಹತ್ತಿರದಿಂದ ಗಮನಿಸಿ" ಎಂಬ ಸಾಲು ಬಂದಾಗ ನನಗೆ ತುತ್ತು ನೆತ್ತಿಗೇರಿತು. ಅತ್ತಿಗೆ ಮಾತ್ರ ತಲೆಯಾಡಿಸುತ್ತಾ, ಹೌದು, ಅದನ್ನೇ ನೋಡಬೇಕು ಎಂದು ಗಂಭೀರವಾಗಿ ಹೇಳಿದರು.

ಅಷ್ಟೆಲ್ಲ ನೋಡಬೇಕಾದರೆ ನೊಣವನ್ನು ಸ್ಪಿರಿಟ್ ತುಂಬಿದ ಪುಟ್ಟ ಸೀಸೆಯೊಳಗೆ ಹಾಕಬೇಕು. ಅದು ಸಾಯುತ್ತದೆ. ಜೊತೆಗೆ ಬೆರಳಿನ ಉಗುರಿನಷ್ಟು ಒಂದು ಚೀಟಿಯನ್ನೂ ಒಳಗೇ ಹಾಕಬೇಕು: ಎಲ್ಲಿ ಹಿಡಿದದ್ದು, ಯಾವತ್ತು, ಯಾರು. ಅತ್ತಿಗೆ ಅದರ ಕೊನೆಗೆ ಆ ಹೊತ್ತಿನ ನೀರಿನ ಮಟ್ಟವನ್ನೂ ಬರೆಯುತ್ತಿದ್ದರು, ಕೈ ಸುಮ್ಮನಿರದೆ. ಹನ್ನೊಂದು ವರ್ಷದಲ್ಲಿ ನೂರ ನಲವತ್ತಮೂರು ಸೀಸೆಗಳಾದವು. ಎಲ್ಲವೂ ಹಿಂದಿನ ಕೋಣೆಯ ಕಪಾಟಿನಲ್ಲಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ಸಾಲಾಗಿ ನಿಂತಿದ್ದವು.

ಕೊನೆಗೊಮ್ಮೆ ನೊಣದ ಮೇಷ್ಟ್ರು, ಎಲ್ಲವನ್ನೂ ಒಟ್ಟಿಗೆ ಕಳಿಸಿಕೊಡಿ, ನಾನೇ ಕೂತು ನೋಡುತ್ತೇನೆ ಎಂದು ಬರೆದರು. ಅತ್ತಿಗೆ ಕಳಿಸಲು ಜೋಡಿಸಿಕೊಳ್ಳುವಾಗ ನಾನು ಚೀಟಿಗಳನ್ನು ನೋಡಿದೆ. ಪೆನ್ಸಿಲ್. ಅದೂ ಮೊಂಡು ಪೆನ್ಸಿಲ್. ಒದ್ದೆ ಕೈಯಲ್ಲಿ, ಬಂಡೆಯ ಮೇಲೆ ಕೂತು ಗೀಚಿದ ಅಕ್ಷರಗಳು, ಒಂದರ ಕಾಲು ಇನ್ನೊಂದರ ತಲೆಯ ಮೇಲೆ. ನನಗೆ ಸಹಿಸಲಾಗಲಿಲ್ಲ. ಹನ್ನೊಂದು ವರ್ಷದ ಕೆಲಸ ದೊಡ್ಡವರ ಮುಂದೆ ಹೋಗುವಾಗ ಹರಕು ಬಟ್ಟೆಯಲ್ಲಿ ಹೋಗಬೇಕೇ. ಎಲ್ಲವನ್ನೂ ನಾನೇ ಹೊಸದಾಗಿ ಬರೆದುಕೊಡುತ್ತೇನೆ ಎಂದೆ.

"ಪೆನ್ಸಿಲ್‌ನಲ್ಲೇ ಬರೀತೀಯಾ?" ಎಂದು ಕೇಳಿದರು ಅತ್ತಿಗೆ.

"ಪೆನ್ಸಿಲ್ ಮಕ್ಕಳಿಗೆ ಅತ್ತಿಗೆ. ನನ್ನ ಹತ್ತಿರ ಪ್ರಮಾಣಪತ್ರದ ಶಾಯಿ ಇದೆ."

"ಒದ್ದೆ ಆದ್ರೆ?"

ನಾನು ದಡ್ಡಿಯಲ್ಲ. ಒಂದು ಚೀಟಿ ಬರೆದು, ಒಣಗಿಸಿ, ಇಡೀ ದಿನ ಲೋಟದ ನೀರಿನಲ್ಲಿ ಮುಳುಗಿಸಿಟ್ಟು ತೋರಿಸಿದೆ. ಒಂದು ಚುಕ್ಕೆಯೂ ಅಳಿಸಿರಲಿಲ್ಲ. ಅತ್ತಿಗೆಗೆ ಸಮಾಧಾನವಾಯಿತು. ಎರಡು ವಾರ ಮುದ್ರಣಾಲಯದಿಂದ ಬಂದು, ಅತಿ ಸಣ್ಣ ನಿಬ್ಬು ಹಾಕಿದ ಪೆನ್ನಿನಲ್ಲಿ ನೂರ ನಲವತ್ತಮೂರು ಚೀಟಿ ಬರೆದೆ. ಕಳಿಸುವ ದಿನ ಬೆಳಿಗ್ಗೆ ಒಂದೊಂದನ್ನೂ ಚಿಮಟದಲ್ಲಿ ಹಿಡಿದು ಸೀಸೆಗೆ ಇಳಿಸಿದೆ. ಹಳೆಯ ಚೀಟಿಗಳನ್ನು ಗುಡಿಸಿ ಕಸಕ್ಕೆ ಹಾಕಿದೆ. ಪ್ಯಾಕ್ ಮಾಡುವ ಮುಂಚೆ ಅತ್ತಿಗೆ ಸೀಸೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಓದಿದರು. ಅವರ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. "ಎಲ್ಲಾ ನೊಣಾನೂ ಪರೀಕ್ಷೆ ಪಾಸಾದ ಹಾಗಿದೆ" ಎಂದರು.

ಒಂದೂವರೆ ತಿಂಗಳ ನಂತರ ಪತ್ರ ಬಂತು. ನನ್ನ ಗಂಡ ಎಂದಿನಂತೆ ಗಟ್ಟಿಯಾಗಿ ಶುರು ಮಾಡಿದವರು ಎರಡನೆಯ ಸಾಲಿಗೆ ದನಿ ಇಳಿಸಿದರು. ಮೇಷ್ಟ್ರು ಬರೆದಿದ್ದು ಇಷ್ಟು: ಸೀಸೆಗಳೆಲ್ಲ ಒಡೆಯದೆ ತಲುಪಿವೆ. ಆದರೆ ಎಲ್ಲದರ ಸ್ಪಿರಿಟ್ ನೇರಳೆ ಬಣ್ಣಕ್ಕೆ ತಿರುಗಿದೆ, ಚೀಟಿಗಳು ಬರೀ ಬಿಳಿ ಕಾಗದ. ನೀರಿಗೆ ಅಳಿಯದ ಎಷ್ಟೋ ಶಾಯಿಗಳು ಸ್ಪಿರಿಟ್‌ನಲ್ಲಿ ಕರಗಿಹೋಗುತ್ತವೆ, ಅದಕ್ಕೇ ನಾವೆಲ್ಲ ಪೆನ್ಸಿಲ್ ಬಳಸುತ್ತೇವೆ. ಎಲ್ಲಿಯದು, ಯಾವತ್ತಿನದು ಎಂದು ತಿಳಿಯದ ನೊಣದಿಂದ ಏನೂ ಹೇಳಲು ಬರುವುದಿಲ್ಲ. ಇದನ್ನು ಬರೆಯಲು ನನಗೆ ಬಹಳ ಸಂಕಟವಾಗುತ್ತಿದೆ, ಏಕೆಂದರೆ ಒಂದು ಸೀಸೆಯಲ್ಲಿರುವ ಗಂಡು ನನಗೆ ಗೊತ್ತಿರುವ ಯಾವುದಕ್ಕೂ ಹೊಂದುವುದಿಲ್ಲ. ಮುಂಗಾಲಿನ ಊದಿದ ಗಂಟು ಅಚ್ಚ ಹಳದಿ. ಇದನ್ನು ಈವರೆಗೆ ಯಾರೂ ದಾಖಲಿಸಿರಲಿಕ್ಕಿಲ್ಲ. ಇದು ಎಲ್ಲಿ, ಯಾವ ತಿಂಗಳಲ್ಲಿ ಸಿಕ್ಕಿತು? ನೆನಪಿದ್ದಷ್ಟು ಅಂದಾಜಿನಲ್ಲಿ ಬರೆದು ಕಳಿಸಿದರೂ ಸಾಕು.

ಅತ್ತಿಗೆ ಎದ್ದು ತಟ್ಟೆ ತೊಳೆದಿಟ್ಟು, ಹಿಂದಿನ ಕೋಣೆಗೆ ಹೋಗಿ ಖಾಲಿ ಬಿಸ್ಕತ್ತಿನ ಡಬ್ಬಿಗಳನ್ನು ಒಂದರೊಳಗೊಂದು ಸೇರಿಸಿಟ್ಟರು. ಸೀಸೆಗಳ ಲೆಕ್ಕ ಅವರು ಬೇರೆಲ್ಲೂ ಇಟ್ಟಿರಲಿಲ್ಲ. ಚೀಟಿ ಒಳಗೇ ಇರುವಾಗ ಎರಡೆರಡು ಕಡೆ ಯಾಕೆ ಎಂದು. ಮರುದಿನ ಅಂಚೆಗೆ ಹಾಕಲು ಕೊಟ್ಟ ಕಾರ್ಡನ್ನು ನಾನು ಕದ್ದು ಓದಿದೆ. ಎರಡೇ ಸಾಲು. "ಚೀಟಿಗಳ ವಿಷಯದಲ್ಲಿ ತಪ್ಪು ನನ್ನದು. ಹಳದಿ ಕಾಲಿನದನ್ನು ಎಲ್ಲಿ ಹಿಡಿದೆ ಎಂದು ಗೊತ್ತಿಲ್ಲ, ಮತ್ತೆ ಹುಡುಕುತ್ತೇನೆ." ಅಂಚೆ ಡಬ್ಬಿಯ ಮುಂದೆ ನಿಂತು ಅತ್ತುಬಿಟ್ಟೆ.

ಅವರು ಒಂದು ಮಾತು ಬೈದಿದ್ದರೆ ನನಗೆ ಊಟ ಸೇರುತ್ತಿತ್ತು. ಬೈಯಲಿಲ್ಲ. ವಾರ ಕಳೆದ ಮೇಲೆ ನಾನೇ ತಡೆಯಲಾರದೆ ಜಗಳಕ್ಕೆ ಹೋದೆ. "ಅಂದಾಜಲ್ಲಿ ಬರೀರಿ ಅಂತ ಅವರೇ ಹೇಳಿದ್ದಾರಲ್ಲ ಅತ್ತಿಗೆ. ಹೊಳೆ ಒಂದೇ. ತಿಂಗಳು ಯಾವುದೋ ಒಂದು. ಯಾರು ಬಂದು ನೋಡ್ತಾರೆ?"

"ನನಗೆ ಗೊತ್ತಿಲ್ವಲ್ಲ" ಎಂದರು ಅವರು, ಅಷ್ಟೇ.

ಇದು ಹಟವಲ್ಲ, ಅವರ ಕೆಲಸದ ರೀತಿ ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮಳೆ ಜೋರಾದ ದಿನ ಮನೆಯಲ್ಲೇ ಬೆಚ್ಚಗೆ ಕೂತು ಅಂಕಿ ತುಂಬಿಸುವ ಅಳತೆಗಾರರು ಬೇರೆ ಹೊಳೆಗಳಲ್ಲಿದ್ದರು. ಅತ್ತಿಗೆಯ ಪುಸ್ತಕಗಳಲ್ಲಿ ಮೂವತ್ತೊಂದು ವರ್ಷಕ್ಕೆ ನಾಲ್ಕು ಕಡೆ "ನೋಡಿಲ್ಲ" ಎಂದಿತ್ತು. ನಾಲ್ಕು ಸಲವೂ ಜ್ವರ. ಒಮ್ಮೆ ಇಂಜಿನಿಯರ್ ಕೂಗಾಡಿದರಂತೆ: ಹಿಂದಿನ ದಿನ ನಲವತ್ತು, ಮರುದಿನ ನಲವತ್ತೆರಡು, ನಡುವೆ ನಲವತ್ತೊಂದು ಅಂತ ಬರೆಯೋಕೆ ಏನು ಕಷ್ಟ? "ಇದ್ದಿರಬಹುದು ಸಾರ್. ನಾನು ನೋಡಿಲ್ಲ" ಎಂದು ಇವರು ನಿಂತಲ್ಲೇ ನಿಂತಿದ್ದರಂತೆ.

ಆದರೆ ಹುಡುಕಲು ಹೊತ್ತು ಉಳಿದಿರಲಿಲ್ಲ. ಆ ಕುಣಿಯುವ ನೊಣಗಳು ಕಾಣುವುದು ಮಳೆ ನಿಂತು ಹೊಳೆ ಇಳಿಯುವ ಕೆಲವೇ ವಾರ. ಆ ವರ್ಷ ಆ ವಾರಗಳು ಮುಗಿಯುವ ಹೊತ್ತಿಗೇ ಅತ್ತಿಗೆಗೆ ಅರವತ್ತು ತುಂಬಿ ನಿವೃತ್ತಿ. ಕಾಡಿನ ಬಾಗಿಲಲ್ಲಿ ಇಲಾಖೆಯ ಗುರುತಿನ ಚೀಟಿ ಇದ್ದವರಿಗೆ ಮಾತ್ರ ಒಳಗೆ ಬಿಡುತ್ತಿದ್ದರು. ನಿವೃತ್ತಿಯ ಮರುದಿನದಿಂದ ಮೂವತ್ತೊಂದು ವರ್ಷ ಓಡಾಡಿದ ದಾರಿಯಲ್ಲಿ ಅವರು ಕಾಲಿಡುವಂತಿರಲಿಲ್ಲ. ಹನ್ನೊಂದು ವರ್ಷದ ಬದುಕು ನಿಜವಾಗಿತ್ತು ಎಂದು ಹೇಳಲು ಅವರಿಗೆ ಆ ಒಂದು ನೊಣ ಬೇಕಿತ್ತು. ಹೀಗೆಂದು ಅವರು ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ನಾನು ಮುದ್ರಣಾಲಯಕ್ಕೆ ರಜೆ ಬರೆದೆ. ನಾನೂ ಬರುತ್ತೇನೆ, ಎರಡು ಕಣ್ಣಿಗೆ ನಾಲ್ಕು ಕಣ್ಣಾಗುತ್ತದೆ ಎಂದೆ. ಅತ್ತಿಗೆ ನನ್ನನ್ನು ಸುಮ್ಮನೆ ಕರೆದೊಯ್ಯಲಿಲ್ಲ. ಜೊತೆಗೊಬ್ಬರನ್ನು ಕರೆತರಲು ಅನುಮತಿ ಬೇಕೆಂದು ಕಚೇರಿಗೆ ಅರ್ಜಿ ಕೊಟ್ಟು, ಹನ್ನೊಂದು ದಿನ ಕಾದು, ಮೊಹರು ಬಿದ್ದ ಕಾಗದ ಬಂದ ಮೇಲೆಯೇ ಕರೆದೊಯ್ದರು. ಆ ಹನ್ನೊಂದು ದಿನವೂ ನಾನು ಕಚೇರಿಯವರನ್ನು ಬೈಯುತ್ತಲೇ ಇದ್ದೆ. ಕಾಡಿನ ಬಾಗಿಲಿನ ಕಾವಲುಗಾರ ಕಾಗದ ನೋಡಿ, "ಇವರು ಯಾರು ಅಳತೆಯಮ್ಮ?" ಎಂದ.

"ನನ್ನ ತಮ್ಮನ ಹೆಂಡತಿ. ನೊಣಗಳನ್ನ ಬೈಯೋಕೆ ಬಂದಿದ್ದಾಳೆ" ಎಂದರು ಅತ್ತಿಗೆ. ಆ ದಿನಗಳಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ಹೊಳೆ ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ನಾಲ್ಕು ಹೆಜ್ಜೆ ಅಗಲ. ಮೇಲೆ ಒಂದು ಆಳದ ಗುಂಡಿ, ಅದರ ಕೆಳಗೆ ನೀರು ಹಾಳೆಯಂತೆ ಹರಡಿ ಇಳಿಯುವ ಜಾರುಬಂಡೆ, ಇನ್ನೂ ಕೆಳಗೆ ಅಳತೆಪಟ್ಟಿ. ಈ ಮೂರೇ ಜಾಗ. ಅತ್ತಿಗೆ ಗುಂಪಿನ ನಡುವೆ ಬಲೆ ಬೀಸಿ, ಸಿಕ್ಕಿದ್ದನ್ನು ಗಾಜಿನ ಕೊಳವೆಗೆ ಇಳಿಸಿ, ಭೂತಗನ್ನಡಿಯಲ್ಲಿ ಕಾಲು ನೋಡುತ್ತಿದ್ದರು. ಕಪ್ಪು. ಬಿಟ್ಟುಬಿಡುತ್ತಿದ್ದರು. ಮತ್ತೆ ಬೀಸು, ಮತ್ತೆ ಕಪ್ಪು, ಮತ್ತೆ ಬಿಡು. ಒಂದನ್ನೂ ಸಾಯಿಸಲಿಲ್ಲ.

ಮೊದಲ ಮೂರು ದಿನ ನನಗೆ ಏನೂ ಕಾಣಿಸಲಿಲ್ಲ. ಸೊಳ್ಳೆ ಕಚ್ಚಿತು, ಕಾಲು ಜೋಮು ಹಿಡಿಯಿತು, ಹೊಳೆಯ ಸದ್ದಿಗೆ ಕಿವಿ ಮಂಕಾಯಿತು. ನಾಲ್ಕನೆಯ ದಿನ ಏನೋ ಆಯಿತು. ಬಂಡೆಯ ಮೇಲೆ ಕೂತು ಬೈಯುವ ವಿಷಯಗಳೆಲ್ಲ ಮುಗಿದುಹೋದವೋ ಏನೋ. ಎಲೆಗಳ ಸಂದಿಯಿಂದ ಬೆಳಕು ನೀರಿಗೆ ಬಿದ್ದು, ನೀರಿನಿಂದ ಎದ್ದು ಬಂಡೆಯ ಹೊಟ್ಟೆಯ ಮೇಲೆ ಆಡುತ್ತಿತ್ತು. ಆ ಬೆಳಕಿನಲ್ಲಿ ಬೂದಿಯ ಹುಡಿಯಂತೆ ತೇಲುತ್ತಿದ್ದದ್ದು ಧೂಳಲ್ಲ, ನೊಣ ಎಂದು ಕಣ್ಣಿಗೆ ಹತ್ತಿತು. ಒಂದು ಕಂಡಿತು, ಹತ್ತು ಕಂಡವು, ಆಮೇಲೆ ಹೊಳೆಯ ಉದ್ದಕ್ಕೂ ಅವೇ. ನೀರಿಗೆ ಒಂದು ಗೇಣು ಮೇಲೆ ಹೋಗಿ ಬಂದು, ಹೋಗಿ ಬಂದು, ಸದ್ದಿಲ್ಲದೆ ಯಾರೋ ನೇಯುತ್ತಿದ್ದ ಹಾಗಿತ್ತು. ನನಗೆ ನನ್ನ ಕೈಕಾಲು ಇರುವುದೇ ಮರೆತುಹೋಯಿತು. ಬೆಳಿಗ್ಗೆಯೋ ಮಧ್ಯಾಹ್ನವೋ ತಿಳಿಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಪಕ್ಕದಿಂದ ಅತ್ತಿಗೆಯ ದನಿ ಕೇಳಿತು. "ಕಂಡ್ವಾ?" ಎಂದರು. ಹೂಂ ಎಂದೆ. ಇಪ್ಪತ್ತು ವರ್ಷ ಅವರು ಸುಮ್ಮನೆ ಕೂತಿರಲಿಲ್ಲ ಎಂದು ಆಗ ಗೊತ್ತಾಯಿತು.

ಆ ಮಂಪರಿನಲ್ಲೇ ನಾನು ಕೇಳಬೇಕಾದ್ದನ್ನು ಕೇಳಿದೆ. "ಅತ್ತಿಗೆ, ನನ್ನ ಮೇಲೆ ಸಿಟ್ಟಿಲ್ವಾ?"

ಅವರು ಬಲೆಯ ಮಡಿಕೆ ಬಿಡಿಸುತ್ತಾ ಹೇಳಿದರು. "ಚೀಟಿ ಹೋಗಿದ್ದಕ್ಕಲ್ಲ ಕಣೇ ನನಗೆ ಬೇಜಾರು. ಒಂದೊಂದನ್ನ ಸೀಸೆಗೆ ಹಾಕುವಾಗಲೂ, ನಿನ್ನ ವಿಷಯ ಬರೆದಿಡ್ತೀನಿ ಅಂತ ಹೇಳಿ ಹಾಕ್ತಿದ್ದೆ. ನೂರ ನಲವತ್ತಮೂರಕ್ಕೆ ಹೇಳಿದ ಮಾತು ಸುಳ್ಳಾಗಿಹೋಯ್ತು. ಸುಮ್ಮನೆ ಕೊಂದ ಹಾಗಾಯ್ತು." ಅವರು ಅಳಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ. ಆ ಕೈ ಹೊಳೆಯ ನೀರಿನಷ್ಟೇ ತಣ್ಣಗಿತ್ತು.

ದಿನಗಳು ಒಂದರೊಳಗೊಂದು ಕರಗಿದವು. ನೀರು ಐವತ್ತರಿಂದ ನಲವತ್ತೇಳಕ್ಕೆ, ನಲವತ್ತನಾಲ್ಕಕ್ಕೆ ಇಳಿಯಿತು. ಗುಂಪುಗಳು ತೆಳುವಾಗುತ್ತಾ ಬಂದವು. ಕಪ್ಪು ಕಾಲು, ಕಪ್ಪು ಕಾಲು. ನಿವೃತ್ತಿಯ ದಿನವೂ ಬಂತು. ಕಚೇರಿಯಲ್ಲಿ ಮಧ್ಯಾಹ್ನ ಹಾರ ಹಾಕಿ ಕಳಿಸಿಕೊಡುತ್ತೇವೆ ಎಂದು ಹೇಳಿ ಕಳಿಸಿದ್ದರು. ಐದರ ಓದು ಬಾಕಿ ಇದೆ ಎಂದು ಅತ್ತಿಗೆ ಹೋಗಲೇ ಇಲ್ಲ.

ಅಂದು ಸಂಜೆ ಮೇಲಿನ ಗುಂಡಿಯ ಬಳಿ ಇದ್ದೆವು. ಬಿಸಿಲು ಓರೆಯಾಗಿ, ನೀರಿನ ಮೇಲೆ ಜೇನಿನ ಬಣ್ಣ ಹರಡಿತ್ತು. ಗುಂಡಿಯ ಆಚೆ ದಂಡೆಯ ಕೆಳಗೆ, ನೆರಳು ಮತ್ತು ಬೆಳಕು ಸೇರುವಲ್ಲಿ, ಎಂಟೋ ಹತ್ತೋ ನೊಣಗಳ ಒಂದು ಪುಟ್ಟ ಗುಂಪು ಕುಣಿಯುತ್ತಿತ್ತು. ಅತ್ತಿಗೆ ನನ್ನ ಮೊಣಕೈ ಹಿಡಿದರು. ಒಂದು ನೊಣ ಬಿಳಿ ಪೊಟ್ಟಣ ಹೊತ್ತು ಬೆಳಕಿಗೆ ಬಂತು, ತಿರುಗಿತು, ನೆರಳಿಗೆ ಹೋಯಿತು. ಮತ್ತೆ ಬೆಳಕಿಗೆ ಬಂತು. ಪೊಟ್ಟಣ ಹಿಡಿದ ಕಾಲಿನಲ್ಲಿ ಸಾಸಿವೆಗಿಂತ ಸಣ್ಣದಾಗಿ ಏನೋ ಹಳದಿ ಮಿಂಚಿತು.

ಅತ್ತಿಗೆ ಬಲೆ ಎತ್ತಿದರು. ಆಮೇಲೆ ಕೈಗಡಿಯಾರ ನೋಡಿದರು. ಐದಕ್ಕೆ ಹತ್ತು ನಿಮಿಷ. ಅಲ್ಲಿಂದ ಕಲ್ಲು ದಾಟಿಕೊಂಡು ಅಳತೆಪಟ್ಟಿಗೆ ಇಳಿಯಲು ಎಂಟು ನಿಮಿಷ ಬೇಕು. ಗುಂಪು ಇನ್ನೂ ಕೈಗೆಟುಕದಷ್ಟು ದೂರದಲ್ಲಿತ್ತು. ಈಚೆಗೆ ಬರುವ ತನಕ ಕಾಯಬೇಕಿತ್ತು. ಅವರು ಬಲೆಯ ಹಿಡಿಯನ್ನು ನನ್ನ ಕೈಗಿಟ್ಟರು. "ಈಚೆ ಬಂದಾಗ ಕೆಳಗಿಂದ ಮೇಲಕ್ಕೆ ಬೀಸು. ಒಂದೇ ಸಲ. ಬೀಸಿ ಬಲೆ ಮಡಚು" ಎಂದರು.

"ಅತ್ತಿಗೆ, ನಿಮಗೆ ತಲೆ ಕೆಟ್ಟಿದೆಯಾ? ಇವತ್ತೊಂದು ದಿನ ಐದು ನಿಮಿಷ ತಡ ಆದ್ರೆ ಹೊಳೆ ಓಡಿಹೋಗುತ್ತಾ?"

"ಓಡಿಹೋಗ್ತಾನೇ ಇದೆಯಲ್ಲೇ. ಅದಕ್ಕೇ ತಾನೇ ಅಳೆಯೋದು" ಎಂದು ಅವರು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ಇಳಿದುಹೋದರು. ಟೋಪಿ ಮರಗಳ ನಡುವೆ ಮರೆಯಾಯಿತು.

ನಾನೊಬ್ಬಳೇ ಉಳಿದೆ. ಬಲೆ ಹಿಡಿದು ಬದುಕಿನಲ್ಲಿ ಒಮ್ಮೆಯೂ ಬೀಸಿದವಳಲ್ಲ. ಗುಂಪು ಬೆಳಕಿನೊಡನೆ ನಿಧಾನಕ್ಕೆ ಸರಿಯುತ್ತಿತ್ತು, ಒಂದು ಮಾರು ಈಚೆಗೆ, ಅರ್ಧ ಮಾರು ಆಚೆಗೆ. ಹೊಳೆಯ ಸದ್ದು ಎಲ್ಲೋ ಹಿಂದೆ ಉಳಿದುಹೋಯಿತು. ಕಾಗದದ ಮೇಲೆ ಉದ್ದದ ಗೆರೆ ಎಳೆಯುವಾಗ ನಾನು ಉಸಿರು ಹಿಡಿಯುತ್ತೇನೆ. ನಡುವೆ ಉಸಿರಾಡಿದರೆ ಗೆರೆ ನಡುಗುತ್ತದೆ. ಹಾಗೆಯೇ ಉಸಿರು ಹಿಡಿದು ನಿಂತೆ. ಬಿಳಿ ಪೊಟ್ಟಣ ನನ್ನ ಎದೆಯ ಎತ್ತರಕ್ಕೆ ಬಂತು. ಕೆಳಗಿಂದ ಮೇಲಕ್ಕೆ ಒಂದು ಗೆರೆ ಎಳೆದೆ.

ಬಲೆಯ ಮೂಲೆಯಲ್ಲಿ ಮೂರು ನೊಣಗಳಿದ್ದವು. ಒಂದನ್ನೂ ಮುಟ್ಟದೆ, ಬಲೆಯ ಬಾಯಿ ಹಿಸುಕಿ ಹಿಡಿದು ಬಂಡೆಯ ಮೇಲೆ ಕೂತುಬಿಟ್ಟೆ. ಅತ್ತಿಗೆ ಬರುವವರೆಗೆ ಕಾಲ ಎಷ್ಟಾಯಿತೋ ಗೊತ್ತಿಲ್ಲ. ಅವರು ಬಂದು, ಮೊದಲು ಪುಸ್ತಕವನ್ನು ಚೀಲಕ್ಕೆ ಸೇರಿಸಿ, ಆಮೇಲೆ ಒಂದೊಂದನ್ನೂ ಕೊಳವೆಗೆ ಇಳಿಸಿದರು. ಮೊದಲನೆಯದು ಹೆಣ್ಣು, ಬಿಟ್ಟರು. ಎರಡನೆಯದೂ ಹೆಣ್ಣು, ಬಿಟ್ಟರು. ಮೂರನೆಯದರ ಮೇಲೆ ಭೂತಗನ್ನಡಿ ಹಿಡಿದವರು ಅಲುಗಾಡಲಿಲ್ಲ. ಪೊಟ್ಟಣವನ್ನು ಅದು ಆಗಲೂ ಬಿಟ್ಟಿರಲಿಲ್ಲ.

"ಹಳದಿ" ಎಂದರು ಅತ್ತಿಗೆ. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಸೀಸೆಯ ಮುಚ್ಚಳ ತೆಗೆದು, ಕೊಳವೆಗೆ ಬಾಯಿ ತಾಗಿಸಿ ನೊಣಕ್ಕೆ ಮಾತ್ರ ಕೇಳುವಷ್ಟು ಮೆಲ್ಲಗೆ ಏನೋ ಹೇಳಿ, ಒಳಗೆ ಹಾಕಿದರು. ಆಮೇಲೆ ನನಗೆ ಒಂದು ಚೀಟಿ ಮತ್ತು ತಮ್ಮ ಮೊಂಡು ಪೆನ್ಸಿಲ್ ಕೊಟ್ಟು, ನೀನೇ ಬರೆ ಎಂದರು.

ಮೇಲಿನ ಗುಂಡಿ ಎಂದು ಹೇಳಿದರು, ಬರೆದೆ. ದಿನಾಂಕ ಹೇಳಿದರು, ಬರೆದೆ. ನೀರು ನಲವತ್ತೊಂದು ಎಂದರು, ಬರೆದೆ. ಹಿಡಿದವರು ಎಂಬಲ್ಲಿ ಕೇಳದೆಯೇ ಅವರ ಹೆಸರನ್ನು, ಪೆನ್ಸಿಲ್‌ನಲ್ಲಿ ಎಷ್ಟು ಚೆಂದ ಬರೆಯಬಹುದೋ ಅಷ್ಟು ಚೆಂದವಾಗಿ ಬರೆದು ಕೊಟ್ಟೆ. ಅತ್ತಿಗೆ ಓದಿದರು. ಚೀಲದಿಂದ ರಬ್ಬರು ತೆಗೆದು ಆ ಒಂದು ಸಾಲನ್ನು ಅಳಿಸಿ, ಚೀಟಿಯನ್ನು ಮತ್ತೆ ನನ್ನ ಮುಂದೆ ಇಟ್ಟರು.

"ನಾನು ಹಿಡಿದಿಲ್ಲ" ಎಂದರು.

"ಅತ್ತಿಗೆ, ಹನ್ನೊಂದು ವರ್ಷ ನಿಮ್ದು. ಹಾಳು ಮಾಡಿದ್ದು ನಾನು. ಯಾರಿಗೆ ಗೊತ್ತಾಗುತ್ತೆ?"

"ನಾನು ಕೆಳಗೆ ನೀರು ನೋಡ್ತಿದ್ದೆ. ಹಿಡಿದವಳು ನೀನು. ಬರಿ."

ಬೆಳಕು ಗುಂಡಿಯಿಂದ ಮೇಲೆದ್ದು ಮರಗಳ ತುದಿಗೆ ಹೋಗುತ್ತಿತ್ತು. ಅವರು ನನ್ನ ಪಕ್ಕದಲ್ಲಿ ಕೂತು, ಯಾವ ಅವಸರವೂ ಇಲ್ಲದೆ, ಕೊನೆಯ ಸಲ ಆ ಹೊಳೆಯನ್ನು ನೋಡುತ್ತಾ ಕಾದರು. ನಾನು ಬರೆದೆ.

ಆ ಚೀಟಿ ಈಗ ದೂರದ ಸಂಗ್ರಹಾಲಯದಲ್ಲಿ, ನೊಣದ ಮೇಷ್ಟ್ರ ಪೆಟ್ಟಿಗೆಯೊಳಗೆ, ಸ್ಪಿರಿಟ್‌ನಲ್ಲಿ ಮುಳುಗಿ ಅಳಿಯದೆ ಇದೆಯಂತೆ. ಸಾವಿರಾರು ಜನರ ಹೆಸರು ಬರೆದ ಕೈ ನನ್ನದು. ಅಷ್ಟೂ ಹೆಸರುಗಳಲ್ಲಿ ಗೆರೆ ನಡುಗಿದ ಹೆಸರು ಆ ಚೀಟಿಯಲ್ಲಿರುವ ನನ್ನದೊಂದೇ.